ಪಳಗಿದ ಕೈ

ಪಳನಿಯಿಂದ ದಿಂಡಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಒಟ್ಟನ್‌ಛತ್ರಕ್ಕೆ ಮೊದಲು, ಬೆಟ್ಟದ ಬುಡದಲ್ಲಿ ವಿರೂಪಾಕ್ಷಿ ಸಿಗುತ್ತದೆ. ನಮಗೆ ಆ ಹೆಸರು ಗೊತ್ತಿರುವುದು ಬಾಳೆಹಣ್ಣಿನಿಂದ. ಪಳನಿಯ ಪಂಚಾಮೃತಕ್ಕೆ ಬೀಳುವ ಹಣ್ಣು ಅದೇ. ಆದರೆ ಒಂದು ಕಾಲಕ್ಕೆ ಅದು ಪಾಳೆಯಪಟ್ಟು. ಶಿವಗಂಗೆಯ ರಾಣಿ ವೇಲುನಾಚಿಯಾರ್‌ಗೆ ಆಶ್ರಯ ಕೊಟ್ಟ ಅಲ್ಲಿನ ಪಾಳೆಯಗಾರ ಗೋಪಾಲ ನಾಯಕರು ಕುಂಪಣಿಯವರ ವಿರುದ್ಧ ಎದ್ದು 1801ರಲ್ಲಿ ದಿಂಡಿಗಲ್ಲಿನಲ್ಲಿ ನೇಣಿಗೇರಿದರು.

ಇವತ್ತಿನ ಮಾತು ಆ ಯುದ್ಧದ್ದಲ್ಲ. ಆತ್ಮರಕ್ಷಣೆಗೆಂದು ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡವನ ಕೈ ಎಷ್ಟು ಪಳಗಿರಬೇಕು ಎಂಬುದು. ನಾವು ಮನೆಯಲ್ಲಿ ‘ಪಳಗು’ ಎನ್ನುತ್ತೇವೆ, ಸಂತೆಯಲ್ಲಿ ‘ಪಳಕ್ಕಂ’ ಎನ್ನುತ್ತೇವೆ. ಬೇರು ಒಂದೇ.

ಪಾಳೆಯದ ಆಳು ಜಮೀನು ಉಣ್ಣುತ್ತಿದ್ದುದು ಆಯುಧದ ಸೇವೆಗಾಗಿ. ಉಳುವ ಕೈಯೇ ಕರೆ ಬಂದ ದಿನ ಕತ್ತಿ, ಈಟಿ, ಕೋವಿ ಹಿಡಿಯಬೇಕು. 1755ರಲ್ಲಿ ಮೈಸೂರಿನಿಂದ ದಿಂಡಿಗಲ್ಲಿಗೆ ಫೌಜುದಾರನಾಗಿ ಬಂದ ಹೈದರಾಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಅಲ್ಲಿ ಆಯುಧಶಾಲೆ ಕಟ್ಟಿಸಿದ. ಬಂದೂಕು ಕೊಟ್ಟರೆ ಸಾಲದು, ಕವಾಯತೂ ಬೇಕೆಂದು ಅವನಿಗೆ ಗೊತ್ತಿತ್ತು. ಅವನ ಮುಂದಿನ ಬೆಳವಣಿಗೆಯ ಬುನಾದಿ ನಮ್ಮ ದಿಂಡಿಗಲ್ಲಿನಲ್ಲೇ ಬಿತ್ತು ಎಂದರೆ ತಪ್ಪಾಗದು.

1792ರಲ್ಲಿ ದಿಂಡಿಗಲ್ಲು ಕುಂಪಣಿಯ ಪಾಲಾಯಿತು. 1801ರ ಡಿಸೆಂಬರ್ 1ರಂದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಹೊರಡಿಸಿದ ಘೋಷಣೆ ದಕ್ಷಿಣದ ಪಾಳೆಯಗಳ ಆಯುಧಗಳನ್ನು ಕಸಿದುಕೊಂಡಿತು. 1878ರ ಕಾಯಿದೆಯಿಂದ ದೇಶಕ್ಕೆಲ್ಲ ಲೈಸೆನ್ಸಿನ ಕಟ್ಟುಪಾಡು ಬಿಗಿಯಾಯಿತು. ಆಯುಧ ಹೋದದ್ದು ಎಲ್ಲರಿಗೂ ಕಂಡಿತು. ಅದರ ಜೊತೆಗೆ ವರ್ಷವರ್ಷದ ಅಭ್ಯಾಸವೂ ಹೋಯಿತು. ಅದು ಯಾರಿಗೂ ಕಾಣಲಿಲ್ಲ.

ಅಭ್ಯಾಸ ತಪ್ಪದೆ ಉಳಿದದ್ದು ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಒರೆಸಿ ‘ತೋಕ್ ಪೂ’ ಮುಡಿಸಿ ಪೂಜೆ ಮಾಡುತ್ತಾರೆ. ಆ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆ ಹೂವು ಯಾವುದು ಬಲ್ಲಿರಾ? ನಮ್ಮ ಒಟ್ಟನ್‌ಛತ್ರದ ಸೀಮೆಯಲ್ಲಿ ಬೀಜಕ್ಕಾಗಿ ಬೆಳೆಯುತ್ತಾರಲ್ಲ, ಆ ಕಣ್ವಲಿಕ್ಕಿಳಂಗಿನ ಹೂವೇ! ಪೂಜೆಯ ನೆಪದಲ್ಲಿ ಕೋವಿ ವರ್ಷಕ್ಕೊಮ್ಮೆಯಾದರೂ ಹೊರಗೆ ಬರುತ್ತದೆ, ತುಕ್ಕು ಕಾಣುತ್ತದೆ, ಹಿರಿಯರ ಕಣ್ಣೆದುರಿಗೆ ಕಿರಿಯರು ಗುರಿಯಿಡುತ್ತಾರೆ. ಹೂವಿಗಿಂತ ಇದೇ ದೊಡ್ಡದು ಎಂದು ನನಗನಿಸುತ್ತದೆ.

ಕೋವಿಯದು ಒಂದು ಬಗೆ, ಸೊಂಟದ ಆಯುಧದ್ದು ಇನ್ನೊಂದು. ಶಾಂಘೈ ನಗರದ ಪೊಲೀಸಿನಲ್ಲಿದ್ದ ಫೇರ್‌ಬೇರ್ನ್, ಸೈಕ್ಸ್ ಎಂಬಿಬ್ಬರು 1942ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. (ಆ ಪೊಲೀಸಿನಲ್ಲಿ ನಮ್ಮ ಪಂಜಾಬಿನ ಸಿಖ್ಖರೂ ಇದ್ದರು.) ಅಲ್ಲಿನ ಗುಂಡಿನ ಚಕಮಕಿಗಳಲ್ಲಿ ಬಹುಪಾಲು ನಾಲ್ಕು ಗಜದೊಳಗೆ, ಅದೂ ಹಲವು ಸಲ ಮಬ್ಬುಬೆಳಕಿನಲ್ಲಿ ನಡೆದವು. ಹಗಲಿನಲ್ಲಿ ನಿಂತು ನಿಧಾನವಾಗಿ ಹಲಗೆಗೆ ಗುರಿಯಿಟ್ಟು ಕಲಿತ ವಿದ್ಯೆ ಅಲ್ಲಿ ಕೈಕೊಡುತ್ತದೆ. ಎದೆ ಡವಡವ ಎನ್ನುವಾಗ ಬೆರಳು ಮಾತು ಕೇಳಬೇಕಾದರೆ ಮತ್ತೆ ಮತ್ತೆ ಮಾಡಿದ ಅಭ್ಯಾಸ ಬೇಕು.

ನಮ್ಮ ಕಾನೂನು ಏನು ಹೇಳುತ್ತದೆ? ಲೈಸೆನ್ಸಿಗೆ ಅರ್ಜಿ ಹಾಕುವವನು ಸುರಕ್ಷತೆಯ ತರಬೇತಿ ಪಡೆದಿರಬೇಕೆಂದು 2016ರ ನಿಯಮಗಳು ಹೇಳುತ್ತವೆ. ಹಿಡಿಯುವುದು, ಒಯ್ಯುವುದು, ಹಾರಿಸುವುದು, ಭದ್ರವಾಗಿಡುವುದು, ಎಲ್ಲ ಅದರಲ್ಲಿದೆ. ಒಳ್ಳೆಯದೇ. ಆದರೆ ಅದು ಅರ್ಜಿಯ ಹೊತ್ತಿನ ಪಾಠ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ನಡುವಿನ ಐದು ವರ್ಷ ಕೈಗೆ ಪಾಠ ಹೇಳುವವರು ಯಾರು? ತೋಟದಲ್ಲಿ ಹಾರಿಸಿ ನೋಡೋಣವೆಂದರೆ ನೆರೆಯವನಿಗೆ ತಗಲೀತು. ಮದುವೆ ಮನೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಉಳಿಯುವುದು ರೈಫಲ್ ಕ್ಲಬ್ಬಿನ ಮೈದಾನವೊಂದೇ.

ಗುರಿ ಕಲಿತರೂ ಮುಗಿಯಲಿಲ್ಲ. ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಹಳೆಯ ದಂಡಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಕೆಡುಕು ಮಾಡಬಾರದು, ಪೊಲೀಸರ ಮೊರೆ ಹೋಗುವಷ್ಟು ಹೊತ್ತಿದ್ದರೆ ಹೋಗಬೇಕು ಎಂಬ ಕಟ್ಟೂ ಎರಡರಲ್ಲೂ ಇದೆ. ಬೇಲಿ ಜಗಳಕ್ಕೆ, ಓಡಿಹೋಗುತ್ತಿರುವ ತೆಂಗಿನಕಾಯಿ ಕಳ್ಳನಿಗೆ ಗುಂಡು ಹಾರಿಸಿದರೆ ಕಟಕಟೆ ಹತ್ತುವವನು ಹಾರಿಸಿದವನೇ. ಆಯುಧ ತೆಗೆಯದೆ ಹಿಂದೆ ಸರಿಯುವುದನ್ನೂ ಅಭ್ಯಾಸ ಮಾಡಬೇಕು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಲೈಸೆನ್ಸಿನ ಆಯುಧವಿದ್ದರೆ ಚುನಾವಣೆಯ ಕಾಲದಲ್ಲಿ ಅದನ್ನು ಠಾಣೆಗೆ ಒಪ್ಪಿಸಿ ಬಂದಿರಬಹುದು. ವಾರಗಟ್ಟಲೆ ಮುಟ್ಟದ ಆಯುಧ, ಅಷ್ಟೇ ದಿನ ಮರೆತ ಕೈ, ಎರಡೂ ಒಟ್ಟಿಗೆ ಮನೆಗೆ ಬರುತ್ತವೆ. ಬಿಡಿಸಿಕೊಂಡು ಬಂದ ದಿನ ಬಾಯಿ ಗೋಡೆಯ ಕಡೆಗಿಟ್ಟು, ಬೆರಳು ಕುದುರೆಯಿಂದ ದೂರವಿಟ್ಟು, ಗುಂಡಿನ ಮನೆ ಖಾಲಿಯೇ ಎಂದು ಎರಡು ಸಲ ನೋಡಿ. ಗುಂಡು ಒಂದು ಪೆಟ್ಟಿಗೆಯಲ್ಲಿರಲಿ, ಆಯುಧ ಇನ್ನೊಂದರಲ್ಲಿ. ಬೀಗದ ಕೈ ಮಕ್ಕಳಿಗೆ ಸಿಗದಿರಲಿ. ಆ ವಾರವೇ ಒಂದು ದಿನ ಬಿಡುವು ಮಾಡಿಕೊಂಡು ಕ್ಲಬ್ಬಿನ ಮೈದಾನಕ್ಕೆ ಹೋಗಿ ಬನ್ನಿ.