ಮಣ್ಣಿನ ಕುಡಿಕೆಯಲ್ಲಿ ಚಹಾ



ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆ ಹಿಡಿದು ಸುಮಾರು 14 ಕಿಲೋಮೀಟರ್ ಹೋದರೆ ತುಂಗೆಯ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲು ಸಿಗುತ್ತದೆ. ಅಲ್ಲಿನ ಆನೆ ಬಿಡಾರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬೆಳಗಿನ ಹೊತ್ತು ಮಾವುತರು, ಕಾವಾಡಿಗಳು ಆನೆಗಳನ್ನು ನೀರಿಗಿಳಿಸಿ ಮೈ ತಿಕ್ಕುವುದನ್ನು ಮಕ್ಕಳಿಗೆ ತೋರಿಸಲೆಂದೇ ಜನ ದೂರದೂರದಿಂದ ಬರುತ್ತಾರೆ.

ಒಂದು ದಿನ ನಾವೂ ಅಲ್ಲಿಗೆ ಚಿತ್ರೀಕರಣಕ್ಕೆಂದು ಹೋಗಿದ್ದೆವು. ಆನೆಗಳ ಸ್ನಾನ ಮುಗಿಯುವಷ್ಟರಲ್ಲಿ ಮೋಡ ಕವಿಯಿತು. ಬೆಳಕು ಸಾಲದೆಂದು ಕ್ಯಾಮೆರಾಕ್ಕೆ ಹೊದಿಕೆ ಹಾಕಿ, ಚಹಾ ಕುಡಿಯುತ್ತ ಕುಳಿತೆವು. ಮಾತು ನಮ್ಮ ಮುಂದಿನ ಕಾರ್ಯಕ್ರಮದತ್ತ ಹೊರಳಿತು. ಅಮೆರಿಕದ ಮುಷ್ಟಿಯುದ್ಧ ಪಟು ಜಾಕ್ ಜಾನ್ಸನ್ ಅವರ ಬದುಕನ್ನು ಕುರಿತು ಒಂದು ಮಾತುಕತೆ ಏರ್ಪಡಿಸುವ ಯೋಚನೆ ನಮ್ಮದಾಗಿತ್ತು. ಪಕ್ಕದ ಬಯಲಿನಲ್ಲಿ ರಬ್ಬರ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರಲ್ಲೊಬ್ಬ ಚೆಂಡು ಹೆಕ್ಕಲು ಬಂದವನು, ನಮ್ಮ ಮಾತು ಕೇಳುತ್ತ ಅಲ್ಲೇ ನಿಂತುಬಿಟ್ಟ. ಕಥೆ ಮುಗಿದ ಮೇಲೆ ಕೇಳಿದ:

"ಸಾರ್, ಅದು ಅಮೆರಿಕದ್ದಾಯ್ತು. ನಮ್ ಕಡೆ ಅಂಥೋರು ಯಾರೂ ಇರ್ಲಿಲ್ವಾ?"

"ಇದ್ರು ಕಣಪ್ಪ. ನಮ್ಮ ಧಾರವಾಡದಲ್ಲೇ ಹುಟ್ಟಿದವರು. ಅವರೂ ನಿನ್ನ ಹಾಗೆ ಚೆಂಡು ಹಾಕೋರೇ" ಎಂದೆ. ಅಷ್ಟರಲ್ಲಿ ಬಿಸಿಲು ಬಂತು, ನಾವು ಕೆಲಸಕ್ಕೆ ಎದ್ದೆವು. ಆ ಹುಡುಗನಿಗೆ ಅಂದು ಪೂರ್ತಿ ಹೇಳಲಾಗದ ಉತ್ತರವನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಜಾನ್ಸನ್ ಅವರ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅವರು ಹುಟ್ಟಿದ್ದು 1878ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ಬಂದರಿನಲ್ಲಿ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು. ರೈಲು, ಶಾಲೆ, ಹೋಟೆಲು ಎಲ್ಲೆಲ್ಲೂ ಕರಿಯರಿಗೆ ಬೇರೆ ಜಾಗ, ಬಿಳಿಯರಿಗೆ ಬೇರೆ ಜಾಗ ಎಂದು ಕಾನೂನೇ ವಿಧಿಸಿದ್ದ ಕಾಲ ಅದು. ಮುಷ್ಟಿಯುದ್ಧದಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಪಟ್ಟವೆಂದರೆ ಗಂಡಸುತನದ ಕಿರೀಟವೆಂಬ ಭಾವನೆ ಇತ್ತು. ಆ ಕಿರೀಟಕ್ಕಾಗಿ ಕರಿಯನೊಡನೆ ಸೆಣಸಲು ಬಿಳಿಯ ಚಾಂಪಿಯನ್ನರು ಒಪ್ಪುತ್ತಲೇ ಇರಲಿಲ್ಲ. ಜಾನ್ಸನ್ ಚಾಂಪಿಯನ್ ಟಾಮಿ ಬರ್ನ್ಸ್ ಅವರ ಬೆನ್ನು ಹತ್ತಿ ಆಸ್ಟ್ರೇಲಿಯದವರೆಗೂ ಹೋದರು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಬೇಕಾಯಿತು. ಪಟ್ಟ ಜಾನ್ಸನ್ ಅವರದಾಯಿತು.

ಆಗ ಬಿಳಿಯರ ಮಾನ ಉಳಿಸಲೆಂದು ನಿವೃತ್ತರಾಗಿದ್ದ ಜಿಮ್ ಜೆಫ್ರೀಸ್ ಅವರನ್ನು ಮತ್ತೆ ಕಣಕ್ಕೆ ಕರೆತಂದರು. 1910ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ರೀನೋ ಪಟ್ಟಣದಲ್ಲಿ ಹದಿನೈದನೆಯ ಸುತ್ತಿನಲ್ಲಿ ಜೆಫ್ರೀಸ್ ಸೋತರು. ಅಂದು ರಾತ್ರಿ ಅನೇಕ ನಗರಗಳಲ್ಲಿ ಗಲಭೆಗಳಾದವು. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಮುಷ್ಟಿಯುದ್ಧದ ಚಲನಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು 1912ರಲ್ಲಿ ಕಾನೂನನ್ನೇ ಮಾಡಿದರು. ಅಷ್ಟಕ್ಕೂ ನಿಲ್ಲಲಿಲ್ಲ. ಬಿಳಿಯ ಹೆಣ್ಣುಮಕ್ಕಳ ಒಡನಾಟವನ್ನೇ ಅಪರಾಧವೆಂದು ಮಾಡಿ, 1913ರಲ್ಲಿ ಬಿಳಿಯರಷ್ಟೇ ಇದ್ದ ಜ್ಯೂರಿ ಅವರನ್ನು ತಪ್ಪಿತಸ್ಥರೆಂದು ಹೇಳಿತು. ಜಾನ್ಸನ್ ದೇಶ ಬಿಟ್ಟರು. 1915ರಲ್ಲಿ ಹವಾನಾದಲ್ಲಿ ಪಟ್ಟ ಕಳೆದುಕೊಂಡರು. 1920ರಲ್ಲಿ ಮರಳಿ ಬಂದು ಶರಣಾಗಿ ಸೆರೆವಾಸ ಅನುಭವಿಸಿದರು.

ಈಗ ಧಾರವಾಡಕ್ಕೆ ಬರೋಣ. ಜಾನ್ಸನ್ ಹುಟ್ಟಿದ ದಶಕದಲ್ಲೇ ಅಲ್ಲಿ ಚರ್ಮಕಾರ ಸಮುದಾಯದ ಕುಟುಂಬವೊಂದರಲ್ಲಿ ಪಾಲ್ವಣಕರ್ ಬಾಲೂ ಹುಟ್ಟಿದರು. ತಂದೆ ಸೈನ್ಯದಲ್ಲಿದ್ದವರು. ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಬಾಲೂ, ಅವರ ತಮ್ಮ ಶಿವರಾಮ್ ಇಬ್ಬರೂ ಸೈನ್ಯದ ಅಧಿಕಾರಿಗಳು ಬಿಸುಟ ಬ್ಯಾಟು ಚೆಂಡುಗಳಲ್ಲಿ ಕ್ರಿಕೆಟ್ ಕಲಿತರು. ಬಾಲೂ ಅವರ ಮೊದಲ ನೌಕರಿ ಪಾರ್ಸಿಗಳ ಕ್ರಿಕೆಟ್ ಮೈದಾನದಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ ಸಂಬಳ. ಮುಂದೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಗೆ ಸೇರಿದರು.

ಆ ಕ್ಲಬ್ಬಿನಲ್ಲಿ ಕ್ಯಾಪ್ಟನ್ ಗ್ರೆಗ್ ಎಂಬ ಒಳ್ಳೆಯ ಬ್ಯಾಟ್ಸ್‌ಮನ್ ಇದ್ದರು. ಅವರ ಅಭ್ಯಾಸಕ್ಕೆಂದು ಬಾಲೂ ಗಂಟೆಗಟ್ಟಲೆ ಬೌಲ್ ಮಾಡಬೇಕಿತ್ತು. ಒಂದು ಸಲ ಔಟ್ ಮಾಡಿದರೆ ಎಂಟಾಣೆ ಇನಾಮು ಕೊಡುತ್ತಿದ್ದರೆಂದು ಕಥೆಯಿದೆ. ಆದರೆ ಕ್ಲಬ್ಬಿನವರು ಆ ಹುಡುಗನ ಕೈಗೆ ಬ್ಯಾಟು ಮಾತ್ರ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೌಲಿಂಗ್ ಆಳಿನ ಕೆಲಸ.

ನಾನು ವಿಜ್ಞಾನ ಓದಿದವನು. ಬಾಲೂ ಅವರ ಬೌಲಿಂಗಿನ ಗುಟ್ಟೇನೆಂದು ಸ್ವಲ್ಪ ನೋಡೋಣ. ಅವರು ಎಡಗೈಯಲ್ಲಿ ನಿಧಾನವಾಗಿ ಸ್ಪಿನ್ ಮಾಡುತ್ತಿದ್ದರು. ತಿರುಗುತ್ತ ಹೋಗುವ ಚೆಂಡಿನ ಒಂದು ಬದಿಯಲ್ಲಿ ಗಾಳಿ ಬೇಗ, ಇನ್ನೊಂದು ಬದಿಯಲ್ಲಿ ನಿಧಾನವಾಗಿ ಸರಿಯುತ್ತದೆ. ಆದ್ದರಿಂದ ಚೆಂಡು ಗಾಳಿಯಲ್ಲೇ ಸ್ವಲ್ಪ ಬಾಗುತ್ತದೆ. ನೆಲಕ್ಕೆ ತಾಗಿದಾಗ ಘರ್ಷಣೆ ಅದನ್ನು ಹಿಡಿದು ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಆ ಕಾಲದಲ್ಲಿ ಪಿಚ್ಚಿಗೆ ಈಗಿನಂತೆ ಹೊದಿಕೆ ಇರಲಿಲ್ಲ. ಮಳೆಗೆ ನೆನೆದು ಬಿಸಿಲಿಗೆ ಅರೆಬರೆ ಒಣಗಿದ ಮಣ್ಣು ಚೆಂಡನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಅಂಥ ನೆಲದಲ್ಲಿ ಬಾಲೂ ಅವರನ್ನು ಎದುರಿಸುವುದು ಬಹಳ ಕಷ್ಟವಾಗಿತ್ತು. ಆ ಮಣ್ಣನ್ನು ಗುಡಿಸಿ, ನೀರು ಹಾಕಿ, ಸಮ ಮಾಡಿದ ಕೈ ಅದು. ಎಷ್ಟು ಹಸಿಯಿದ್ದರೆ ಏನಾಗುತ್ತದೆಂದು ಆ ಕೈಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ?

ಯುರೋಪಿಯನ್ನರನ್ನು ಸೋಲಿಸಬೇಕೆಂದು ಹಂಬಲಿಸುತ್ತಿದ್ದ ಪುಣೆಯ ಹಿಂದೂಗಳ ಕ್ಲಬ್ಬಿಗೆ ಈಗ ಧರ್ಮಸಂಕಟ ಬಂತು. ಊರಿನ ಅತ್ಯುತ್ತಮ ಬೌಲರ್ ಅಸ್ಪೃಶ್ಯ. ಸೇರಿಸಿಕೊಂಡರೆ ಜಾತಿ ಕೆಡುತ್ತದೆ, ಬಿಟ್ಟರೆ ಪಂದ್ಯ ಕೆಡುತ್ತದೆ. ಕೊನೆಗೆ ಒಂದು ಉಪಾಯ ಕಂಡುಕೊಂಡರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹಾ ವಿರಾಮ ಬಂದಾಗ ಮಾತ್ರ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರು, ಬಾಲೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿದರು. ಊಟಕ್ಕೂ ಅವರಿಗೆ ಬೇರೆ ತಟ್ಟೆ, ಬೇರೆ ಜಾಗ.

ಓದುಗರೇ, ಇಲ್ಲಿ ನನ್ನದೊಂದು ಮಾತು ಹೇಳಬೇಕು. ನಾನು ಬೆಳೆದದ್ದು ಭದ್ರಾವತಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟಿನಲ್ಲೇ 137 ರನ್ ಹೊಡೆದದ್ದು ನಾವು ಹುಟ್ಟುವ ಮೊದಲಿನ ಮಾತಾದರೂ, ಅವರ ಸ್ಕ್ವೇರ್ ಕಟ್ಟಿನ ಕಥೆ ಕೇಳುತ್ತಲೇ ನಮ್ಮೂರಿನ ಹುಡುಗರೆಲ್ಲ ಬೆಳೆದೆವು. ನಮ್ಮ ತಂಡದ ಒಳ್ಳೆಯ ಬೌಲರ್ ಕೇರಿಯ ಹುಡುಗ. ಪಂದ್ಯ ಗೆದ್ದ ದಿನ ಅಂಗಡಿಯ ಮುಂದೆ ಚಹಾ ಕುಡಿಯುವಾಗ ನಮಗೆಲ್ಲ ಗಾಜಿನ ಲೋಟ. ಅವನಿಗೆ ಮಾತ್ರ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ತೆಂಗಿನ ಕರಟ. ಅವನೇ ತೆಗೆದುಕೊಂಡು, ಕುಡಿದು, ತೊಳೆದು ಅಲ್ಲೇ ಇಡುತ್ತಿದ್ದ. ನಾವು ಹತ್ತು ಜನ ನೋಡುತ್ತಿದ್ದೆವು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಬಾಲೂ ಅವರ ಮಣ್ಣಿನ ಕುಡಿಕೆಯ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕರಟ.

ಮುಂದೆ ಬಾಲೂ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮ್ಖಾನಾದ ಪರವಾಗಿ ಆಟ. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಆಳುವವರನ್ನು ಆಳಿಸಿಕೊಳ್ಳುವವರು ಸೋಲಿಸಿದ್ದರು. ಬಾಲೂ, ಶಿವರಾಮ್ ಇಬ್ಬರೂ ಆ ತಂಡದಲ್ಲಿದ್ದರು. ಈ ಸಹೋದರರನ್ನು ಜಿಮ್ಖಾನಾದವರು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡದ್ದನ್ನು 'ಇಂಡಿಯನ್ ಸೋಷಿಯಲ್ ರಿಫಾರ್ಮರ್' ಪತ್ರಿಕೆ ಮೆಚ್ಚಿ ಬರೆಯಿತು. ಮಣ್ಣಿನ ಕುಡಿಕೆಯಿಂದ ಪಂಕ್ತಿಯವರೆಗೆ ಬರಲು ಅವರಿಗೆ ಹತ್ತು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿದಿತ್ತು.

1911ರ ಬೇಸಿಗೆಯಲ್ಲಿ ಈ ಎರಡೂ ಕಥೆಗಳು ಇಂಗ್ಲೆಂಡಿನಲ್ಲಿ ಒಟ್ಟಿಗೆ ಬಂದವು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತದ ತಂಡವೊಂದು ಅಲ್ಲಿಗೆ ಹೋಯಿತು. ನಮ್ಮ ಮೈಸೂರು ಸೀಮೆಯ ಬಿ. ಜಯರಾಂ ಕೂಡ ಅದರಲ್ಲಿದ್ದರು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತಿತು. ಬಾಲೂ ಮಾತ್ರ ಒಟ್ಟು 114 ವಿಕೆಟ್ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ 8 ವಿಕೆಟ್. ಅದೇ ವರ್ಷ ಜಾನ್ಸನ್ ಕೂಡ ಲಂಡನ್ನಿನಲ್ಲಿದ್ದರು. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬಿಲ್ಲಿ ವೆಲ್ಸ್ ಅವರೊಡನೆ ಪಂದ್ಯ ಗೊತ್ತಾಗಿತ್ತು. ಕರಿಯನೊಬ್ಬ ಬಿಳಿಯನನ್ನು ಬಡಿಯುವುದನ್ನು ಕಂಡರೆ ವಸಾಹತುಗಳ ಜನ ಏನೆಂದುಕೊಂಡಾರು ಎಂಬ ಅಳುಕು ಹಲವರಿಗಿತ್ತು. ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಪಂದ್ಯ ನಡೆಯಲು ಬಿಡಲಿಲ್ಲ.

ಬಾಲೂ ಊರಿಗೆ ಮರಳಿದಾಗ ಮುಂಬಯಿಯ ದಲಿತರು ಅವರನ್ನು ಸನ್ಮಾನಿಸಿದರು. ಆ ಸಮಾರಂಭದಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಪಾಲ್ಗೊಂಡಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಸಿಗಲಿಲ್ಲ. ವರ್ಷ ವರ್ಷವೂ ಬೇರೆಯವರೇ ನಾಯಕರು. 1920ರಲ್ಲಿ ನಾಯಕ ಎಂ.ಡಿ. ಪೈ ಅನಾರೋಗ್ಯದಿಂದ ಹೊರಗುಳಿದಾಗಲೂ ಆ ಸ್ಥಾನ ಡಿ.ಬಿ. ದೇವಧರ್ ಅವರಿಗೆ ಹೋಯಿತು. ಬಾಲೂ ಅವರನ್ನು ತಂಡದಿಂದಲೇ ಬಿಟ್ಟರು. ಆಗ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಆಡುವುದಿಲ್ಲವೆಂದು ಹೊರನಡೆದರು. ನಾಯಕತ್ವ ತಪ್ಪಿಸುತ್ತಿರುವುದು ಜಾತಿ ಎಂದು ಬಹಿರಂಗವಾಗಿ ಸಾರಿದರು. ಸಾರ್ವಜನಿಕರಲ್ಲಿ ಗದ್ದಲವಾಯಿತು. ಪಾರ್ಸಿಗಳ ಎದುರಿನ ಅಂತಿಮ ಪಂದ್ಯಕ್ಕೆ ಸಹೋದರರು ಮರಳಿದರು, ಬಾಲೂ ಉಪನಾಯಕರಾದರು. ಪೈ ಅವರು ಮೈದಾನದಿಂದ ಸ್ವಲ್ಪ ಹೊತ್ತು ಹೊರಗುಳಿದು ಬಾಲೂ ಅವರಿಗೆ ತಂಡ ನಡೆಸುವ ಅವಕಾಶ ಮಾಡಿಕೊಟ್ಟರು. 1923ರಲ್ಲಿ ವಿಠ್ಠಲ್ ಪೂರ್ಣ ನಾಯಕರಾದರು. ಆ ವರ್ಷ ಹಿಂದೂ ತಂಡವೇ ಗೆದ್ದಿತು. ಅಣ್ಣನಿಗೆ ಸಿಗದದ್ದು ತಮ್ಮನಿಗೆ ಸಿಕ್ಕಿತು. 179 ವಿಕೆಟ್ಟುಗಳಿಂದ ಆಗದ ಕೆಲಸ ಇಬ್ಬರು "ಆಡುವುದಿಲ್ಲ" ಎಂದದ್ದರಿಂದ ಆಯಿತು. 179 ಎಂಬುದು ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಬಾಲೂ ಪಡೆದ ವಿಕೆಟ್ಟುಗಳ ಸಂಖ್ಯೆ.

ಬಾಲೂ ಅವರ ಬದುಕಿನ ಕೊನೆಯ ಭಾಗ ಸರಳವಾದುದಲ್ಲ. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ವಾದವನ್ನು ಅವರು ಒಪ್ಪಲಿಲ್ಲ. 1937ರಲ್ಲಿ ಮುಂಬಯಿಯ ಶಾಸನಸಭೆಗೆ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ಅವರ ಎದುರೇ ನಿಂತು, ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಒಂದೇ ನೋವನ್ನು ಉಂಡ ಇಬ್ಬರು ಅದಕ್ಕೆ ಬೇರೆ ಬೇರೆ ಮದ್ದು ನಂಬಿದ್ದರು. ಬಾಲೂ ತೀರಿಕೊಂಡದ್ದು 1955ರ ಜುಲೈ 4ರಂದು. ಜಾನ್ಸನ್ ರೀನೋದಲ್ಲಿ ಗೆದ್ದ ತಾರೀಖೂ ಅದೇ.

ಇಬ್ಬರ ಸ್ವಭಾವ ಬೇರೆ. ಜಾನ್ಸನ್ ಚಿನ್ನದ ಹಲ್ಲು ತೋರಿಸಿ ನಗುತ್ತ, ವೇಗದ ಕಾರು ಓಡಿಸುತ್ತ, ಯಾರಿಗೂ ತಲೆ ಬಾಗದೆ ಬದುಕಿದವರು. ಬಾಲೂ ಸೌಮ್ಯ, ಮಿತಭಾಷಿ. ಆದರೆ ಸಮಾಜ ಇಬ್ಬರಿಗೂ ಹೇಳಿದ್ದು ಒಂದೇ: ನಿನ್ನ ಗೆಲುವು ನಮಗೆ ಬೇಕಾದಾಗ ಬೇಕು, ನೀನು ಬೇಡ.

ಇನ್ನೊಂದು ವ್ಯತ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ಜಾನ್ಸನ್ ಅವರಿಗಾದ ಅನ್ಯಾಯ ನ್ಯಾಯಾಲಯದ ಕಡತದಲ್ಲಿತ್ತು. ಅವರು 1946ರಲ್ಲಿ ತೀರಿಕೊಂಡಿದ್ದರೂ, ಶಿಕ್ಷೆಯಾಗಿ 105 ವರ್ಷಗಳ ಮೇಲೆ, 2018ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರು ಸಹಿ ಹಾಕಿ ಕ್ಷಮಾದಾನ ಕೊಟ್ಟರು. ಬಹಳ ತಡವಾಯಿತು, ನಿಜ. ಆದರೆ ಸಹಿ ಹಾಕಲು ಅಲ್ಲೊಂದು ಕಾಗದವಿತ್ತು. ಬಾಲೂ ಅವರ ಕುಡಿಕೆಗೆ ಯಾವ ಕಡತವಿದೆ? ನಮ್ಮೂರಿನ ಕರಟಕ್ಕೆ ಯಾವ ಆದೇಶ ಸಂಖ್ಯೆಯಿತ್ತು? ನಮ್ಮ ಸಂವಿಧಾನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, ಅದರ ಆಚರಣೆ ಶಿಕ್ಷಾರ್ಹವೆಂದು ಸಾರಿದೆ. ಆದರೂ ನಾನು ಹುಡುಗನಾಗಿದ್ದಾಗ ಆ ಕರಟ ಸೂರಿನಲ್ಲೇ ಇತ್ತು. ಬರೆದಿಡದ ಅನ್ಯಾಯವನ್ನು ಸಹಿಯೊಂದರಿಂದ ಅಳಿಸಲಾಗದು. ಅದನ್ನು ಅಳಿಸಬೇಕಾದವರು ಚಹಾ ಕುಡಿಯುತ್ತ ಪಕ್ಕದಲ್ಲಿ ನಿಂತಿರುವವರು. ಶಿವರಾಮ್, ವಿಠ್ಠಲ್ ಸ್ವಂತ ತಮ್ಮಂದಿರಾದ್ದರಿಂದ ಹೊರನಡೆದರು. ಉಳಿದ ಆಟಗಾರರಲ್ಲಿ ಒಬ್ಬರಾದರೂ ಪುಣೆಯ ಮೊದಲ ಪಂದ್ಯದ ದಿನವೇ ಹೊರಗೆ ಬಂದು ಅವರ ಪಕ್ಕ ನಿಂತು ಕುಡಿದಿದ್ದರೆ!

ಅಂದು ಸಕ್ರೆಬೈಲಿನಲ್ಲಿ ಚಿತ್ರೀಕರಣ ಮುಗಿದಾಗ ಆ ಹುಡುಗರಿಗೂ ಚಹಾ ತರಿಸಿದೆವು. ಮಾವುತರು, ಕಾವಾಡಿಗಳು, ನಮ್ಮ ತಂಡ, ಹುಡುಗರು, ಎಲ್ಲರಿಗೂ ಒಂದೇ ಬಗೆಯ ಲೋಟ. ಯಾರ ಮನೆಯ ಹುಡುಗ ಯಾರೆಂದು ನಾನು ಕೇಳಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗ ಲೋಟ ಕೆಳಗಿಟ್ಟವನೇ ಚೆಂಡು ಹಿಡಿದು ಬಯಲಿಗೆ ಓಡಿದ.

ಓದುಗರೇ, ನಿಮ್ಮ ಊರಿನ ತಂಡದಲ್ಲೂ ಒಬ್ಬ ಒಳ್ಳೆಯ ಬೌಲರ್ ಇದ್ದಿರಬೇಕು. ಅವನು ಯಾವ ಲೋಟದಲ್ಲಿ ಕುಡಿಯುತ್ತಿದ್ದ, ಆಗ ನೀವು ಎಲ್ಲಿ ನಿಂತಿದ್ದಿರಿ ಎಂದು ನೆನಪಿಸಿಕೊಳ್ಳಿ. ಸಾಧ್ಯವಾದರೆ ನಮಗೆ ಬರೆದು ತಿಳಿಸಿ. ಮುಂದಿನ ಮಾತುಕತೆಯನ್ನು ಅಲ್ಲಿಂದಲೇ ಆರಂಭಿಸೋಣ.