ಊರು ಅದೇ, ವಿಳಾಸ ಬೇರೆ

ನಮ್ಮ ಉಚ್ಚಂಗಿದುರ್ಗದ ವಿಳಾಸದಲ್ಲಿ ಜಿಲ್ಲೆಯ ಹೆಸರನ್ನು ನಾನು ಮೂರು ಸಲ ತಿದ್ದಿದ್ದೇನೆ. ನಾನು ಹುಟ್ಟಿದಾಗ ಬಳ್ಳಾರಿ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ. ಅಜ್ಜನ ಕಾಲಕ್ಕೆ ಹೋದರೆ, 1953ರವರೆಗೆ ಮದ್ರಾಸು. ಕೋಟೆಯೂ ಉಚ್ಚಂಗೆಮ್ಮನ ಗುಡಿಯೂ ಇದ್ದಲ್ಲೇ ಇವೆ.

ಇಷ್ಟು ಗೊತ್ತಿದ್ದೂ, ಕನ್ನಡ ಬ್ಲಾಗುಗಳ ಫೀಡುಗಳನ್ನು ಒಂದೆಡೆ ಕೂಡಿಸುವ ಪುಟ್ಟ ಪ್ರೋಗ್ರಾಂ ಬರೆಯುವಾಗ ನಾನು ಎಡವಿದೆ.

ಫೀಡ್ ಎಂದರೆ ಜಾಲತಾಣವೊಂದು ತನ್ನ ಹೊಸ ಬರಹಗಳ ಪಟ್ಟಿಯನ್ನು ಯಂತ್ರ ಓದುವ ಹಾಗೆ ಬರೆದಿಡುವ ಕಡತ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಆರ್‌ಎಸ್‌ಎಸ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ಮುಂದೆ ಅದರ ಆವೃತ್ತಿಗಳು ಒಂದಕ್ಕೊಂದು ಹೊಂದದೆ ಗೊಂದಲವಾದಾಗ, 2005ರ ಡಿಸೆಂಬರಿನಲ್ಲಿ ಆಟಂ ಎಂಬ ಮಾನಕ ಬಂತು. 2007ರ ಅಕ್ಟೋಬರಿನಲ್ಲಿ ಅದರ ಜೊತೆಗಾರ ಆಟಂ ಪಬ್ಲಿಷಿಂಗ್ ಪ್ರೊಟೊಕಾಲ್ ಬಂದು, ಬರಹವನ್ನು ಸೇರಿಸುವ, ತಿದ್ದುವ, ಅಳಿಸುವ ಕ್ರಮವನ್ನೂ ಹೇಳಿತು.

ಅದರ ರಚನೆ ಸರಳ. ಮೇಲೆ ಒಂದು ಸರ್ವೀಸ್, ಅದರೊಳಗೆ ವರ್ಕ್‌ಸ್ಪೇಸುಗಳು, ಅವುಗಳಲ್ಲಿ ಕಲೆಕ್ಷನ್‌ಗಳು, ಕಲೆಕ್ಷನ್ನಿನಲ್ಲಿ ಎಂಟ್ರಿಗಳು. ಕೋಡಿನಲ್ಲಿ ಒಂದೊಂದನ್ನೂ ಒಂದು ಆಬ್ಜೆಕ್ಟ್ ಮಾಡುತ್ತೇವೆ. ಅಂದರೆ ಮಾಹಿತಿಯನ್ನೂ ಅದರಿಂದ ಮಾಡಿಸಬಹುದಾದ ಕೆಲಸವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಕಲೆಕ್ಷನ್ ತನ್ನ ಶೀರ್ಷಿಕೆ ಏನು, ವಿಳಾಸ ಯಾವುದು, ಎಂಥದ್ದನ್ನು ಸ್ವೀಕರಿಸುತ್ತೇನೆ ಎಂದು ಹೇಳುತ್ತದೆ. ಎಂಟ್ರಿಗೆ ಒಂದು ಗುರುತು ಮತ್ತು ತಿದ್ದಿದ ದಿನಾಂಕ ಇರಲೇಬೇಕು.

ನಾನು ಆ ಗುರುತನ್ನು ಬಿಟ್ಟು, ವಿಳಾಸವನ್ನೇ ಗುರುತಾಗಿ ಹಿಡಿದಿದ್ದೆ. ನಮ್ಮ ಕಡೆಯ ಶಾಸನಗಳ ಬಗ್ಗೆ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬ್ಲಾಗನ್ನು ಹೊಸ ವಿಳಾಸಕ್ಕೆ ಸಾಗಿಸಿದರು. ನನ್ನಲ್ಲಿ ಪ್ರತಿ ಬರಹವೂ ಎರಡೆರಡಾಯಿತು. ಮೇಷ್ಟ್ರ ತಿದ್ದುಪಡಿಗಳೆಲ್ಲ ಹೊಸದಕ್ಕೆ ಹೋದವು. ನಾನು ಗೆಳೆಯರಿಗೆ ಹಂಚಿದ್ದು ಹಳೆಯದನ್ನು. ಫೋನು ಬಂತು: 'ತಮ್ಮಾ, ನಾ ತಿದ್ದಿದ್ದು ಬಿಟ್ಟು ತಪ್ಪನ್ನೇ ಊರಿಗೆಲ್ಲ ಹಂಚೀಯಲ್ಲೋ!'

ಆಮೇಲೆ ಅವರೇ ಶಾಸನ ಸಂಪುಟಗಳ ಕಥೆ ಹೇಳಿದರು. ಉಚ್ಚಂಗಿಯ ಪಾಂಡ್ಯರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿಯನ್ನು ಆಳಿದವರು. ಮುಂದೆ ಈ ಕೋಟೆ ಗೆದ್ದ ಹೊಯ್ಸಳ ವೀರಬಲ್ಲಾಳನಿಗೆ 'ಗಿರಿದುರ್ಗಮಲ್ಲ' ಎಂಬ ಬಿರುದು. ಪಾಂಡ್ಯರ ರಾಜ್ಯ ಒಂದೇ. ಆದರೆ ದಾವಣಗೆರೆ ಸೀಮೆ ಮೈಸೂರಿನದು. ಅಲ್ಲಿನ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟಕ್ಕೆ ಸೇರಿದವು. ಹರಪನಹಳ್ಳಿ ಮದ್ರಾಸಿನದು, ಇಲ್ಲಿನವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೆಯ ಸಂಪುಟಕ್ಕೆ ಹೋದವು. ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಯಾವ ಕಲ್ಲನ್ನು ಸ್ವೀಕರಿಸಬೇಕೆಂದು ತೀರ್ಮಾನಿಸಿದ್ದು ಪಾಂಡ್ಯರ ಗಡಿಯಲ್ಲ, ಬ್ರಿಟಿಷರ ಕಾಲದ ಗಡಿ.

ರೈಸ್ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಕೊಟ್ಟರು. ವಿದ್ವಾಂಸರು ದಶಕಗಳ ಕಾಲ ಅದನ್ನೇ ಉಲ್ಲೇಖಿಸಿದರು. 1972ರಿಂದ ಮೈಸೂರಿನಲ್ಲಿ ಪರಿಷ್ಕೃತ ಸಂಪುಟಗಳು ಬರತೊಡಗಿದಾಗ ಸಂಖ್ಯೆಗಳು ಬದಲಾದವು. ಹಾಗಾಗಿ ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ತೋರಿಸುವ ಪಟ್ಟಿ ಕೊಡಬೇಕಾಯಿತು. ಆ ಪಟ್ಟಿ ಇಲ್ಲದಿದ್ದರೆ ಹಳೆಯ ಪುಸ್ತಕದ ಅಡಿಟಿಪ್ಪಣಿ ಹಿಡಿದು ಹೊರಟವನಿಗೆ ಬೇರೆಯೇ ಕಲ್ಲು ಸಿಗುತ್ತಿತ್ತು.

ಆಟಂ ರೂಪಿಸಿದವರು ಈ ತಾಪತ್ರಯವನ್ನು ಮೊದಲೇ ಕಂಡಿದ್ದರು. ಬರಹ ಎಲ್ಲಿಗೇ ಹೋಗಲಿ, ಅದರ ಗುರುತು ಬದಲಾಗಕೂಡದು ಎಂಬುದು ಅವರ ನಿಯಮ. ನಾನು ಓದಿಯೂ ದಾಟಿ ಹೋಗಿದ್ದ ಸಾಲು ಅದು.

ಅಂದು ರಾತ್ರಿ ಕೋಡು ತಿದ್ದಿದೆ. ಎಂಟ್ರಿಗೆ ಅದರ ಗುರುತೇ ಕೀಲಿ. ವಿಳಾಸವನ್ನು ಬದಲಾಗಬಹುದಾದ ವಿವರಗಳಲ್ಲಿ ಇಟ್ಟೆ. ಹಳೆಯ ವಿಳಾಸಗಳನ್ನೂ ಅಳಿಸದೆ ಒಂದು ಪಟ್ಟಿಯಲ್ಲಿ ಉಳಿಸಿದೆ. 'ಉಚ್ಚಂಗಿ ಪಾಂಡ್ಯರು' ಎಂಬ ವರ್ಗ ಸೇರಿಸಿದೆ. ಯಾವ ಕಲೆಕ್ಷನ್ನಿನಲ್ಲಿದ್ದರೂ ಆ ಬರಹಗಳು ಈಗ ಒಟ್ಟಿಗೆ ಕಾಣುತ್ತವೆ. ಪ್ರೋಗ್ರಾಂ ಮತ್ತೆ ಓಡಿಸಿದಾಗ ಜೋಡಿಗಳೆಲ್ಲ ಕೂಡಿಕೊಂಡು, ಕೊನೆಯ ತಿದ್ದುಪಡಿ ಉಳಿಯಿತು.

ಬೆಳಿಗ್ಗೆ ಮೇಷ್ಟ್ರಿಗೆ ಫೋನು ಮಾಡಿದೆ. 'ಈಗ ಒಂದೇ ಐತ್ರಿ ಸರ್, ನೀವು ತಿದ್ದಿದ್ದೇ ಐತಿ.'

'ತಪ್ಪು ಓದಿದೋರಿಗೆ ಯಾರು ಹೇಳ್ತಾರ?' ಅಂದರು. ಗೆಳೆಯರಿಗೆಲ್ಲ ಮತ್ತೆ ಬರೆಯಲು ಕುಳಿತೆ.