ಕಡಲಕಣ್ಣಿನ ವ್ಯಾಜ್ಯ

1902ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ಎಂಬ ಪಟ್ಟಣದಲ್ಲಿ ಒಂದು ವಿಚಿತ್ರವಾದ ವ್ಯಾಜ್ಯ ವಿಚಾರಣೆಗೆ ಬಂತು. ಒಂದು ಪಕ್ಷ ಆಸ್ಟ್ರಿಯಾದ ಚಕ್ರವರ್ತಿಯದು, ಎದುರುಪಕ್ಷ ಹಂಗೆರಿಯ ದೊರೆಯದು. ಆದರೆ ಆ ಚಕ್ರವರ್ತಿಯೂ ಈ ದೊರೆಯೂ ಇಬ್ಬರಲ್ಲ, ಒಬ್ಬನೇ: ಫ್ರಾನ್ಸ್ ಯೋಸೆಫ್. ಒಂದೇ ತಲೆಯ ಮೇಲಿನ ಎರಡು ಕಿರೀಟಗಳು ಬೆಟ್ಟದ ಮೇಲಿನ ಒಂದು ಸರೋವರಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಿದ್ದವು. ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದುಂಟು. ಆಸ್ಟ್ರಿಯಾದ ಪರವಾಗಿ ಹಳೆಯ ಕಾಗದಪತ್ರಗಳನ್ನು ಮುಂದಿಟ್ಟು ವಾದಿಸಿದ ಪಂಡಿತರಿಗೆ ಆಸ್ಟ್ರಿಯಾದ ಲಾಭನಷ್ಟಗಳ ಮೇಲೆ ಅಷ್ಟೇನೂ ಮಮತೆಯಿರಲಿಲ್ಲ. ಅವರ ಮನಸ್ಸಿನಲ್ಲಿದ್ದ ನಾಡು ಬೇರೆ. ಆ ನಾಡಿಗೆ ಆಗ ಯೂರೋಪಿನ ಭೂಪಟದಲ್ಲಿ ಹೆಸರೇ ಇರಲಿಲ್ಲ.

ಆ ಪಂಡಿತರು ಓಸ್ವಾಲ್ಡ್ ಬಾಲ್ಜರ್. ಲ್ವೂವ್ ವಿಶ್ವವಿದ್ಯಾನಿಲಯದಲ್ಲಿ ಪೋಲಿಷ್ ನ್ಯಾಯಶಾಸ್ತ್ರದ ಇತಿಹಾಸವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು. ಇಲ್ಲದ ದೇಶದ ಕಾನೂನಿಗೆ ಇತಿಹಾಸವೆಂತು, ಅದನ್ನು ಕಲಿತು ಯಾರಿಗೇನು ಪ್ರಯೋಜನ, ಎಂದು ಕೇಳುವವರು ಆಗಲೂ ಇದ್ದಿರಬೇಕು. ಬಾಲ್ಜರ್ ಅವರ ಇಡೀ ಬಾಳು ಆ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ.

ಪೋಲೆಂಡು ಒಂದೇ ಸಲಕ್ಕೆ ಅಳಿದುದಲ್ಲ. 1772, 1793, 1795, ಹೀಗೆ ಮೂರು ಸಲ ನೆರೆಯ ರಾಜ್ಯಗಳು ಅದನ್ನು ಕೊಯ್ದು ಹಂಚಿಕೊಂಡವು. ಆಸ್ಟ್ರಿಯಾದ ಪಾಲಿಗೆ ಬಂದ ತುಂಡಿಗೆ ಗಲಿಷಿಯಾ ಎಂದು ಹೆಸರಾಯಿತು. ಅದರ ರಾಜಧಾನಿಯನ್ನು ಪೋಲರು ಲ್ವೂವ್ ಎಂದೂ ಜರ್ಮನರು ಲೆಂಬೆರ್ಗ್ ಎಂದೂ ಉಕ್ರೇನಿಯರು ಲ್ವಿವ್ ಎಂದೂ ಕರೆದರು. ಒಂದೇ ಊರಿಗೆ ಮೂರು ಹೆಸರಿದ್ದಲ್ಲಿ ಜಗಳವೂ ಮೂರು ಬಗೆಯದು. ಆ ಮಾತು ಆಮೇಲೆ ಬರುತ್ತದೆ. ಈ ಊರಿಗೆ ಸಮೀಪದ ಖೊದೊರೂವ್ ಎಂಬಲ್ಲಿ 1858ರಲ್ಲಿ ಬಾಲ್ಜರ್ ಹುಟ್ಟಿದರು. ಮನೆತನದ ಹೆಸರು ಜರ್ಮನರದು, ಮನಸ್ಸು ಮಾತ್ರ ಪೂರ್ತಿ ಪೋಲರದು. ಲ್ವೂವ್, ಕ್ರಾಕೂವ್, ಬರ್ಲಿನ್‌ಗಳಲ್ಲಿ ಓದಿ 1887ರಲ್ಲಿ ತಮ್ಮ ಊರಿನ ವಿಶ್ವವಿದ್ಯಾನಿಲಯದಲ್ಲೇ ಪ್ರಾಧ್ಯಾಪಕರಾದರು. ರಷ್ಯಾದ ಪಾಲಿನ ವಾರ್ಸಾದಲ್ಲಿ ವಿಶ್ವವಿದ್ಯಾನಿಲಯದ ಬೋಧನೆಯೆಲ್ಲ ರಷ್ಯನ್ ಭಾಷೆಯಲ್ಲಿ; ಪ್ರಷ್ಯಾದ ಪಾಲಿನಲ್ಲಿ ಪೋಲರಿಗೆ ವಿಶ್ವವಿದ್ಯಾನಿಲಯವೇ ಇಲ್ಲ. ಆಸ್ಟ್ರಿಯಾದ ಕೆಳಗಿನ ಕ್ರಾಕೂವ್, ಲ್ವೂವ್ ಎರಡರಲ್ಲಿ ಮಾತ್ರ ಪೋಲಿಷ್ ಭಾಷೆಯಲ್ಲಿ ಪಾಠ ಹೇಳುವ ಅವಕಾಶವಿತ್ತು. ಆದುದರಿಂದ ಅಲ್ಲಿನ ಪೀಠವೆಂದರೆ ಬರಿಯ ಸಂಬಳದ ಕೆಲಸವಾಗಿರಲಿಲ್ಲ.

1891ರಲ್ಲಿ ಅವರಿಗೆ ಇನ್ನೊಂದು ಹೊಣೆ ಬಂತು. ಅವರ ಗುರು ಕ್ಸಾವೆರಿ ಲಿಸ್ಕೆ ತೀರಿಕೊಂಡಾಗ, ಲ್ವೂವ್‌ನ ಬರ್ನಾರ್ಡೀನ್ ಸಂನ್ಯಾಸಿಗಳ ಮಠದಲ್ಲಿದ್ದ ಪುರಾತನ ದಫ್ತರಗಳ ಭಂಡಾರಕ್ಕೆ ಬಾಲ್ಜರ್ ಮುಖ್ಯಸ್ಥರಾದರು. ಸಾಯುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಆ ಬೀಗದ ಕೈ ಅವರ ಬಳಿಯೇ ಇತ್ತು.

ಈ ಭಂಡಾರ ಎಂಥದೆಂದು ಸ್ವಲ್ಪ ಹೇಳಬೇಕು. ಹಳೆಯ ಪೋಲೆಂಡಿನಲ್ಲಿ ಸೀಮೆಗೊಂದು ಕೋಟೆಯ ಕಚೇರಿ, ಜೊತೆಗೆ ಭೂವ್ಯಾಜ್ಯಗಳ ಕಚೇರಿ. ಇವುಗಳಲ್ಲಿ ಮೊಕದ್ದಮೆಗಳು ನಡೆಯುತ್ತಿದ್ದುದು ಸರಿಯೇ. ಅದಕ್ಕಿಂತ ಮುಖ್ಯವಾದುದು, ಯಾರು ಬೇಕಾದರೂ ತಮ್ಮ ಪತ್ರವನ್ನು ತಂದು ಅಲ್ಲಿಯ ಪುಸ್ತಕದಲ್ಲಿ ನಕಲು ಮಾಡಿಸಬಹುದಾಗಿತ್ತು. ಒಮ್ಮೆ ಪುಸ್ತಕಕ್ಕೆ ಏರಿದ ಮೇಲೆ ಮೂಲಪತ್ರ ಬೆಂಕಿಗೆ ಬಿದ್ದರೂ, ತಾರ್ತರ ದಾಳಿಯಲ್ಲಿ ಕಳೆದುಹೋದರೂ ಹಕ್ಕು ಹೋಗುತ್ತಿರಲಿಲ್ಲ. ಹೊಲದ ಕ್ರಯಪತ್ರ, ಮಗಳಿಗೆ ಕೊಟ್ಟ ವರದಕ್ಷಿಣೆ, ಅಡವಿಟ್ಟ ಗಿರಣಿ, ನೆರೆಯವನು ರಾತ್ರೋರಾತ್ರಿ ಕಿತ್ತೊಗೆದ ಎಲ್ಲೆಗುರುತು, ಹೊಡೆದಾಟದಲ್ಲಿ ಆದ ಗಾಯಗಳ ವಿವರ, ಎಲ್ಲವೂ ಲ್ಯಾಟಿನ್ ಭಾಷೆಯ ಆ ದಪ್ಪ ಪುಸ್ತಕಗಳಲ್ಲಿ ಬಂದು ಕೂತವು. ಆಸ್ಟ್ರಿಯಾ ಈ ಕಚೇರಿಗಳನ್ನು ಎತ್ತಿಹಾಕಿತು. ಪುಸ್ತಕಗಳನ್ನು ಮಾತ್ರ ಸುಡಲಿಲ್ಲ. 1784ರಲ್ಲಿ ಮಠಕ್ಕೆ ಸಾಗಿಸಿ ಕಾಪಾಡಿತು. ಪೋಲೆಂಡಿನ ಮೇಲಿನ ಪ್ರೀತಿಯಿಂದಲ್ಲ, ಜಮೀನು ಯಾರದೆಂದು ತಿಳಿಯಲು ಬೇರೆ ಆಧಾರವಿರಲಿಲ್ಲ! ರಾಜ್ಯವನ್ನು ನುಂಗಿದವರಿಗೂ ಅದರ ಲೆಕ್ಕಪತ್ರ ಬೇಕಾಯಿತು.

ಆ ಪುಸ್ತಕಗಳ ನಡುವೆ ಕುಳಿತ ಬಾಲ್ಜರ್ ಬರೆದದ್ದು ಅಪಾರ. 1895ರಲ್ಲಿ ಪ್ರಕಟವಾದ 'ಪಿಯಾಸ್ತರ ವಂಶಾವಳಿ' ಪೋಲೆಂಡಿನ ಮೊದಲ ರಾಜವಂಶದ ಹುಟ್ಟು, ಮದುವೆ, ಸಾವುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದ ಗ್ರಂಥ. ಕಟ್ಟುಕತೆಗೆ ಅಲ್ಲಿ ಎಡೆಯಿಲ್ಲ. ಯಾವ ರಾಣಿ ಯಾವ ರಾಜನ ಮಗಳು ಎಂಬುದಕ್ಕೆ ಸಾಕ್ಷಿ ಬೇಕು, ಸಾಕ್ಷಿಯಿಲ್ಲದ ರಾಣಿ ಹೊರಗೆ. ಅನಂತರದ ವಿದ್ವಾಂಸರು ಅದನ್ನು ಎಷ್ಟೋ ಕಡೆ ತಿದ್ದಿದ್ದಾರೆ. ಆದರೆ ತಿದ್ದುವುದಕ್ಕೂ ಅದನ್ನೇ ತೆರೆದಿಟ್ಟುಕೊಳ್ಳಬೇಕಾಯಿತು. ಹಳೆಯ ಪೋಲೆಂಡಿನ ಶಾಸನಗಳನ್ನೆಲ್ಲ ಶುದ್ಧಪಾಠದಲ್ಲಿ ಅಚ್ಚುಮಾಡುವ ಮಹಾಯೋಜನೆಯೊಂದನ್ನೂ ಕೈಗೆತ್ತಿಕೊಂಡರು. 1506ರಿಂದ 1522ರವರೆಗಿನ ಸಂಪುಟ 1906ರಲ್ಲಿ ಹೊರಬಂತು; ಯೋಜನೆ ಕೊನೆಮುಟ್ಟಲಿಲ್ಲ. ಒಬ್ಬ ಮನುಷ್ಯನ ಆಯುಸ್ಸಿಗೆ ಮೀರಿದ ಕೆಲಸ ಅದು.

ಅವರ ಬರಹಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ಇವುಗಳಷ್ಟು ಪ್ರಸಿದ್ಧವಲ್ಲದ ಒಂದು ವಿಷಯ: ಲ್ವೂವ್‌ನ ಆರ್ಮೀನಿಯನರ ನ್ಯಾಯಪದ್ಧತಿ. ತಮ್ಮ ರಾಜ್ಯ ಕಳೆದುಕೊಂಡ ಆರ್ಮೀನಿಯನರು ವ್ಯಾಪಾರ ಮಾಡುತ್ತ ಮಧ್ಯಯುಗದಲ್ಲಿ ಈ ಊರಿಗೆ ಬಂದು ನೆಲೆಸಿದರು. ಬರುವಾಗ ಸರಕಿನ ಜೊತೆಗೆ ತಮ್ಮ ಧರ್ಮಶಾಸ್ತ್ರವನ್ನೂ ತಂದರು. ಅದು ಹನ್ನೆರಡನೆಯ ಶತಮಾನದ ಮ್ಖಿತಾರ್ ಗೋಶ್ ಎಂಬ ಪಾದ್ರಿಯ ಸಂಹಿತೆ. ಅವರೊಳಗಿನ ವ್ಯಾಜ್ಯಗಳು ಆ ಸಂಹಿತೆಯ ಮೇರೆಗೆ ತೀರ್ಮಾನವಾಗುತ್ತಿದ್ದವು. 1519ರಲ್ಲಿ ಪೋಲೆಂಡಿನ ರಾಜ ಒಂದನೆಯ ಜಿಗ್ಮುಂತ್ ಅದರ ಲ್ಯಾಟಿನ್ ರೂಪಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದನು. ಆ ನ್ಯಾಯಾಲಯದ ಚರಿತ್ರೆಯನ್ನು 1909ರಲ್ಲಿಯೂ ಸಂಹಿತೆಯ ಪಾಠವನ್ನು 1910ರಲ್ಲಿಯೂ ಬಾಲ್ಜರ್ ಪ್ರಕಟಿಸಿದರು. ರಾಜ್ಯ ಹೋದ ಮೇಲೂ ಕಾನೂನಿನ ಪುಸ್ತಕವನ್ನು ಗಂಟುಕಟ್ಟಿಕೊಂಡು ನಡೆದ ಜನರ ಕಥೆಯನ್ನು, ರಾಜ್ಯವಿಲ್ಲದ ಇನ್ನೊಂದು ಜನಾಂಗದ ಪಂಡಿತ ಅಷ್ಟು ಶ್ರದ್ಧೆಯಿಂದ ಬಿಡಿಸಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇನ್ನು ಸರೋವರಕ್ಕೆ ಬರೋಣ.

ತಾತ್ರಾ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1395 ಮೀಟರ್ ಎತ್ತರದಲ್ಲಿ 'ಮೋರ್ಸ್ಕಿಯೆ ಓಕೊ' ಇದೆ. ಹಾಗೆಂದರೆ ಕಡಲಕಣ್ಣು. ನೆಲದಡಿಯ ದಾರಿಯಿಂದ ಅದು ಸಮುದ್ರವನ್ನು ಕೂಡಿಕೊಂಡಿದೆಯೆಂದು ಹಿಂದಿನವರ ನಂಬಿಕೆ. ಹರವು 35 ಹೆಕ್ಟೇರು, ಆಳ 50 ಮೀಟರಿಗೆ ತುಸು ಮೇಲೆ. ಸುತ್ತಲೂ ಬಂಡೆಯ ಗೋಡೆ, ಅದರ ಮೇಲೆ ರಿಸಿ ಎಂಬ ಶಿಖರ. ಬಹಳ ಕಾಲ ಅದು ಕುರಿಗಾಹಿಗಳ, ಬೇಟೆಗಾರರ ಸೀಮೆಯಾಗಿತ್ತು. ಎಲ್ಲೆ ಎಲ್ಲೆಂದು ಯಾರೂ ಖಚಿತವಾಗಿ ಗುರುತು ಮಾಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸನ್ನಿವೇಶ ಬದಲಾಯಿತು. 1879ರಲ್ಲಿ ಹಂಗೆರಿಯ ಕಡೆಯ ಯಾವೊರಿನಾ ಜಹಗೀರನ್ನು ಹೋಹೆನ್‌ಲೋಹೆ ಎಂಬ ಜರ್ಮನ್ ರಾಜಕುಮಾರ ಕೊಂಡುಕೊಂಡನು. ಅವನಿಗೆ ಬೇಟೆಯ ಹುಚ್ಚು. 1889ರಲ್ಲಿ ಈಚೆಯ ಜಾಕೊಪಾನೆ ಜಹಗೀರು ಹರಾಜಿಗೆ ಬಂದಾಗ ಪೋಲಿಷ್ ಶ್ರೀಮಂತ ವ್ವಾದಿಸ್ವಾವ್ ಜಾಮೊಯ್‌ಸ್ಕಿ ಅದನ್ನು ಹಿಡಿದನು. ಇವರಿಬ್ಬರ ನಡುವಿನ ಸುಮಾರು 360 ಹೆಕ್ಟೇರು, ಎಂದರೆ ಹತ್ತಿರ ಹತ್ತಿರ 900 ಎಕರೆ, ಯಾರದು? ಮೊದಲು ಕಾವಲುಗಾರರು ಬಡಿದಾಡಿದರು. ಬಳಿಕ ಹಂಗೆರಿಯ ಪೊಲೀಸರು ಬಂದರು. ಪತ್ರಿಕೆಗಳು ಸುಮ್ಮನಿರಲಿಲ್ಲ. ಕಲ್ಲು, ನೀರು, ಕುರುಚಲು ಬಿಟ್ಟರೆ ಬೇರೇನೂ ಇಲ್ಲದ ಆ ತುಂಡು ನೆಲ ಮೂರು ಭಾಗವಾಗಿ ಹರಿದುಹೋಗಿದ್ದ ಪೋಲರಿಗೆಲ್ಲ ಮಾನದ ಪ್ರಶ್ನೆಯಾಗಿ ನಿಂತಿತು.

ಕೊನೆಗೆ 1897ರಲ್ಲಿ ಪಂಚಾಯಿತಿಗೆ ಒಪ್ಪಿಸುವುದೆಂದು ಎರಡೂ ಕಡೆ ಕಾನೂನು ಮಾಡಿದರು. ಆಸ್ಟ್ರಿಯಾದ ಕಡೆಯಿಂದ ಲ್ವೂವ್‌ನ ನ್ಯಾಯಾಧೀಶ ತ್ಖೂಜ್‌ನಿತ್ಸ್‌ಕಿ, ಹಂಗೆರಿಯ ಕಡೆಯಿಂದ ನ್ಯಾಯಾಧೀಶ ಲೆಹೋಟ್ಸ್‌ಕಿ, ಅಧ್ಯಕ್ಷಪೀಠದಲ್ಲಿ ಸ್ವಿಟ್ಜರ್ಲೆಂಡಿನ ಉಚ್ಚತಮ ನ್ಯಾಯಾಲಯದ ವಿಂಕ್ಲರ್. ಎರಡು ಪಕ್ಷಗಳಿಂದ ಒಬ್ಬೊಬ್ಬರು ಎಂದ ಮೇಲೆ ತಕ್ಕಡಿಯ ಮುಳ್ಳು ಮೂರನೆಯವರ ಕೈಯಲ್ಲಿ ಉಳಿಯಿತೆಂಬುದು ಸ್ಪಷ್ಟ.

ವಾದದ ತಿರುಳು ಸರಳ. ಎಲ್ಲೆ ಹೊಳೆಯ ಗುಂಟ ಬಂದು ಸರೋವರವನ್ನು ಸೀಳಿಕೊಂಡು ಶಿಖರಕ್ಕೆ ಏರುತ್ತದೆ ಎಂದು ಹಂಗೆರಿ ಹೇಳಿತು. ಹಾಗಲ್ಲ, ಎಲ್ಲೆ ಸರೋವರದ ಪೂರ್ವಕ್ಕಿರುವ ಜಾಬಿಯೆ ಎಂಬ ಬೆಟ್ಟದ ಬೆನ್ನಿನ ಮೇಲೆ ಹೋಗುತ್ತದೆ, ನೀರು ಪೂರ್ತಿ ನಮ್ಮ ಕಡೆಗೇ ಸೇರಿದ್ದು ಎಂದು ಗಲಿಷಿಯಾ ಹೇಳಿತು. ಬಾಲ್ಜರ್ ಇದಕ್ಕೆ ಶತಮಾನಗಳ ಆಧಾರ ಒದಗಿಸಿದರು: ಅರಸರ ದಾನಪತ್ರಗಳು, ಹಳೆಯ ಭೂಪಟಗಳು, ಸರ್ಕಾರದ ಅಳತೆಯ ದಾಖಲೆಗಳು. 1772ಕ್ಕೆ ಮೊದಲಿನ ಪೋಲೆಂಡಿನ ಎಲ್ಲೆ ಎಲ್ಲಿತ್ತೋ ಅಲ್ಲೇ ಈಗಿನ ಆಸ್ಟ್ರಿಯಾದ ಎಲ್ಲೆಯೂ ಇರಬೇಕು ಎಂಬುದು ಒಟ್ಟು ಅಭಿಪ್ರಾಯ. ಈ ವಾದದ ಮರ್ಮ ನೋಡಿ: ಅದನ್ನು ಒಪ್ಪಬೇಕಾದರೆ ಸತ್ತುಹೋದ ರಾಜ್ಯ ಒಂದು ಕಾಲಕ್ಕೆ ನಿಜವಾಗಿ ಇತ್ತು, ಅದರ ಪತ್ರಕ್ಕೆ ಇಂದಿಗೂ ಬೆಲೆಯಿದೆ ಎಂದು ಮೊದಲು ಒಪ್ಪಬೇಕು.

ಪಂಚರು ಕಾಗದವನ್ನಷ್ಟೇ ನಂಬಿ ಕೂರಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬೆಟ್ಟ ಹತ್ತಿ ಸ್ಥಳವನ್ನು ಕಣ್ಣಾರೆ ಕಂಡರು. ಜೂರಿಕ್‌ನ ಪ್ರೊಫೆಸರ್ ಬೆಕ್ಕರ್ ಎಂಬ ಭೂಮಾಪನತಜ್ಞರ ನೆರವೂ ಇತ್ತು. 1902ರ ಸೆಪ್ಟೆಂಬರ್ 13ರಂದು ತೀರ್ಪು ಬಂತು: ಎಲ್ಲೆ ಬೆಟ್ಟದ ಬೆನ್ನಿನ ಮೇಲೆಯೇ. ಕಡಲಕಣ್ಣು ಪೂರ್ತಿಯಾಗಿ ಗಲಿಷಿಯಾಕ್ಕೆ ಸೇರಿತು. ಕಾನೂನಿನ ಮಾತಿನಲ್ಲಿ ಗೆದ್ದದ್ದು ಆಸ್ಟ್ರಿಯಾ. ಹಬ್ಬ ಮಾಡಿದವರು ಪೋಲರು. ನೂರಕ್ಕೂ ಹೆಚ್ಚು ವರ್ಷ ನೆಲ ಕಳೆದುಕೊಳ್ಳುವುದನ್ನೇ ಕಂಡಿದ್ದ ಜನಕ್ಕೆ ಇಷ್ಟಾದರೂ ನೆಲ ಉಳಿಯಿತು. ಅದೂ ಕತ್ತಿಯಿಂದಲ್ಲ, ದಫ್ತರದಿಂದ.

ಆ ಗೆಲುವನ್ನೆಲ್ಲ ಬಾಲ್ಜರ್ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಎಣಿಕೆ. ಹಣ ಸುರಿದ ಜಾಮೊಯ್‌ಸ್ಕಿ, ವರ್ಷಗಟ್ಟಳೆ ಬೆನ್ನುಹತ್ತಿದ ತಾತ್ರಾ ಸಂಘದವರು, ಬೆಟ್ಟವನ್ನು ಅಳೆದ ಬೆಕ್ಕರ್, ಇವರೆಲ್ಲರಿಗೂ ಪಾಲುಂಟು. ಹೊಳೆಯ ಆಚೆ ಈಚೆ ಕುರಿ ಮೇಯಿಸುತ್ತಿದ್ದವರ ಮಾತು ಒಂದಕ್ಕೊಂದು ಬಹಳ ಹತ್ತಿರ. ಅವರನ್ನು ಕೇಳಿ ಎಲ್ಲೆ ಹಾಕುವ ಯೋಚನೆ ಯಾರಿಗೂ ಬಂದಂತಿಲ್ಲ.

ಬಾಲ್ಜರ್ ಗ್ರಂಥಾಲಯದಿಂದ ಹೊರಬಂದು ಮಾತಾಡಿದ್ದು ಇದೊಂದೇ ಸಲವಲ್ಲ. 1897ರಲ್ಲಿ ಬೊಹೀಮಿಯಾದ ಕಚೇರಿಗಳಲ್ಲಿ ಜರ್ಮನ್ ಭಾಷೆಯ ಜೊತೆಗೆ ಚೆಕ್ ಭಾಷೆಗೂ ಸ್ಥಾನ ಸಿಕ್ಕಾಗ ಜರ್ಮನರು ಕೆರಳಿದರು. ರೋಮನ್ ಚರಿತ್ರೆಯ ಮಹಾಚಾರ್ಯ, ವೃದ್ಧ ಥಿಯೊಡೋರ್ ಮಾಮ್‌ಸೆನ್, ವಿಯೆನ್ನಾದ ಪತ್ರಿಕೆಯಲ್ಲಿ ಒಂದು ಕಾಗದ ಬರೆದರು. ಚೆಕ್ಕರ ತಲೆಬುರುಡೆಗೆ ಬುದ್ಧಿಯ ಮಾತು ಹೊಗದು, ಏಟಾದರೆ ತಿಳಿದೀತು ಎಂಬುದು ಅದರ ಭಾವ. ಯೂರೋಪಿನ ಪಂಡಿತರೆಲ್ಲ ತಲೆಬಾಗುತ್ತಿದ್ದ ಹೆಸರು ಅದು. ಆ ಹೆಸರಿಗೆ ಲ್ವೂವ್‌ನ ಈ ಪ್ರಾಧ್ಯಾಪಕರು ಬಹಿರಂಗ ಪತ್ರದಲ್ಲಿಯೇ ಎದುರುತ್ತರ ಕೊಟ್ಟರು. ಇದು ಅವರ ದೊಡ್ಡತನ.

ಆದರೆ ಮನೆಯ ಬಾಗಿಲಲ್ಲೇ ಇದ್ದ ಪ್ರಶ್ನೆ? 1894ರಿಂದ ಅದೇ ವಿಶ್ವವಿದ್ಯಾನಿಲಯದಲ್ಲಿ ಮಿಖೈಲೊ ಹ್ರುಶೆವ್‌ಸ್ಕಿ ಎಂಬ ಇನ್ನೊಬ್ಬ ಇತಿಹಾಸಕಾರರು ಪಾಠ ಹೇಳುತ್ತಿದ್ದರು. ಬಾಲ್ಜರ್ ಪೋಲೆಂಡಿನ ಅಖಂಡತೆಯನ್ನು ದಾಖಲೆಗಳಿಂದ ಕಟ್ಟುತ್ತಿದ್ದರೆ, ಅವರು ಉಕ್ರೇನಿನ ಇತಿಹಾಸವನ್ನು ದಾಖಲೆಗಳಿಂದಲೇ ಕಟ್ಟುತ್ತಿದ್ದರು. ಇಬ್ಬರದೂ ರಾಜ್ಯವಿಲ್ಲದ ಜನಾಂಗ. ಇಬ್ಬರ ಕಾಲಕೆಳಗೂ ಒಂದೇ ಊರು. ಉಕ್ರೇನಿಯರು ತಮ್ಮದೇ ಒಂದು ವಿಶ್ವವಿದ್ಯಾನಿಲಯ ಬೇಕೆಂದು ಬೇಡಿದರು. ಪೋಲಿಷ್ ಪ್ರಾಧ್ಯಾಪಕರಲ್ಲಿ ಹೆಚ್ಚಿನವರಿಗೆ ಅದು ಸೇರಲಿಲ್ಲ. ಬಾಲ್ಜರ್ ಚೆಕ್ಕರಿಗಾಗಿ ಎತ್ತಿದ ದನಿಯಿಂದ ಹೆಸರಾದರು. ನೆರೆಮನೆಯವರಿಗಾಗಿ ಎತ್ತಿದ ದನಿಯಿಂದಲ್ಲ. 1918ರ ನವೆಂಬರಿನಲ್ಲಿ ಆಸ್ಟ್ರಿಯಾ ಕುಸಿದುಬಿದ್ದಾಗ ಈ ಎರಡು ಜನಾಂಗಗಳು ಆ ಊರಿನ ಬೀದಿಗಳಲ್ಲಿಯೇ ಬಂದೂಕು ಹಿಡಿದು ಕಾದಾಡಿದವು.

ಪೋಲೆಂಡು ಮರಳಿ ಹುಟ್ಟಿತು. ಬಾಲ್ಜರ್ ಅವರ 'ಪೋಲೆಂಡ್ ರಾಜ್ಯ, 1295–1370' ಎಂಬ ಮೂರು ಸಂಪುಟಗಳ ಗ್ರಂಥ ಸರಿಯಾಗಿ 1919–20ರಲ್ಲೇ ಬೆಳಕು ಕಂಡಿತು. 1138ರ ತರುವಾಯ ದಾಯಾದಿಗಳಲ್ಲಿ ಹಂಚಿಹೋಗಿದ್ದ ನಾಡು ಮತ್ತೆ ಒಂದು ಕಿರೀಟದ ಕೆಳಗೆ ಬಂದ ಬಗೆ ಅದರ ವಸ್ತು. 1295ರಲ್ಲಿ ಗ್ನಿಯೆಜ್ನೊದಲ್ಲಿ ಪಟ್ಟವೇರಿದ ಪ್ಶೆಮಿಸ್ವ್ ಇಡೀ ಪೋಲೆಂಡಿನ ರಾಜ ಎಂದು ಬಾಲ್ಜರ್ ಸಾಧಿಸಿದರು. ಅಲ್ಲ, ಅವನು ಒಂದು ಭಾಗದ ರಾಜ ಮಾತ್ರ ಎಂದು ಬೇರೆ ಇತಿಹಾಸಕಾರರು ಹೇಳಿದ್ದುಂಟು. ಆ ಚರ್ಚೆಯ ಸೂಕ್ಷ್ಮ ನಮಗಿಲ್ಲಿ ಬೇಡ. ಹದಿಮೂರನೆಯ ಶತಮಾನದ ತುಂಡುಗಳು ಸೇರಿದ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ತುಂಡೊಂದರಲ್ಲಿ ಹುಟ್ಟಿದವರು ಬರೆಯುವಾಗ, ಲೇಖನಿ ಯಾವ ಕಡೆಗೆ ವಾಲುವುದು ಸಹಜ ಎಂಬುದನ್ನಷ್ಟೇ ನೆನೆಯಬಹುದು.

1933ರ ಜನವರಿ 11ರಂದು ಲ್ವೂವ್‌ನಲ್ಲಿಯೇ ಬಾಲ್ಜರ್ ತೀರಿಕೊಂಡರು. ಹದಿನಾಲ್ಕನೆಯ ಶತಮಾನದ ದೊರೆ ಕಾಜಿಮಿಯೆಜನ ಶಾಸನಗಳನ್ನು ಕುರಿತ ಅವರ ಗ್ರಂಥ 1947ರಲ್ಲಿ ಅಚ್ಚಾಗುವ ಹೊತ್ತಿಗೆ ಅವರ ಊರು ಪೋಲೆಂಡಿನಲ್ಲಿ ಇರಲಿಲ್ಲ. 1939ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಜರ್ಮನರು, ಮತ್ತೆ ಸೋವಿಯತ್ತರು ಬಂದರು. ಅವರು ಕಲಿಸಿದ ನ್ಯಾಯಶಾಸ್ತ್ರ ವಿಭಾಗದ ಲಾಂಗ್‌ಶಾಂ ದ ಬೆರಿಯೆ ಎಂಬ ಪ್ರಾಧ್ಯಾಪಕರನ್ನು ಮೂವರು ಗಂಡುಮಕ್ಕಳ ಸಮೇತ 1941ರ ಜುಲೈಯಲ್ಲಿ ಜರ್ಮನರು ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೆ ಎಲ್ಲೆ ಪಶ್ಚಿಮಕ್ಕೆ ಸರಿಯಿತು. ಊರಿನ ಪೋಲರಲ್ಲಿ ಬಹುಮಂದಿ ಮನೆಮಠ ಬಿಟ್ಟು ಹೊರಟರು. ಈ ಸಲ ಯಾವ ಪ್ರಾಧ್ಯಾಪಕನ ದಾನಪತ್ರವನ್ನೂ ಯಾರೂ ಕೇಳಲಿಲ್ಲ.

ಗ್ರಾಟ್ಸ್‌ನ ಎಲ್ಲೆ ಮಾತ್ರ ನಿಂತಿದೆ. ಪೋಲೆಂಡಿಗೂ ಸ್ಲೊವಾಕಿಯಾಕ್ಕೂ ನಡುವಿನ ಗಡಿ ಅಲ್ಲಿ ಇಂದಿಗೂ ಅದೇ ಬೆಟ್ಟದ ಬೆನ್ನಿನ ಮೇಲೆ ಹಾದುಹೋಗುತ್ತದೆ. ಜಾಕೊಪಾನೆಯಿಂದ ಕಡಲಕಣ್ಣಿನತ್ತ ಹೋಗುವ ರಸ್ತೆಗೆ ಬಾಲ್ಜರ್ ಅವರ ಹೆಸರು. ಬೇಸಗೆಯಲ್ಲಿ ಆ ದಾರಿಯಲ್ಲಿ ಜನಜಾತ್ರೆ. ಅವರು ಕಾಪಾಡಿದ ಪುಸ್ತಕಗಳು ಲ್ವಿವ್‌ನ ಅದೇ ಮಠದಲ್ಲಿ ಈಗ ಉಕ್ರೇನ್ ಸರ್ಕಾರದ ಐತಿಹಾಸಿಕ ದಫ್ತರಗಳಾಗಿ ಉಳಿದಿವೆ. ಯಾವನೋ ಒಬ್ಬ ಕಳೆದುಕೊಂಡ ಎಲ್ಲೆಗುರುತಿನ ದೂರನ್ನು ಅಲ್ಲಿ ಈಗ ಉಕ್ರೇನಿನವರೂ ಓದುತ್ತಾರೆ, ಪೋಲೆಂಡಿನಿಂದ ಬಂದವರೂ ಓದುತ್ತಾರೆ.